ಹೈಸ್ಕೂಲ್ ಮಕ್ಕಳು ದಾರಿ ತಪ್ಪಿದರೆ ಮೊದಲು ಆ ದಾರಿಯನ್ನೇ ನೋಡಿ

ಯಾವುದಾದರೂ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಸುಮ್ನೆ ಹೋಗಿ ಕೂತು ನೋಡಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಕಿಟಕಿ ಗಾಜು ಒಡೆದ ಅಂತ ಸುದ್ದಿ ಬಂದರೆ ಸಾಕು, ‘ಅವನ ಅಣ್ಣನೂ ಹೀಗೇ ಇದ್ದ’ ಅನ್ನುವ ಮಾತು ಬರುತ್ತದೆ. ಇನ್ನೊಬ್ಬರು ‘ಈಗಿನ ಹುಡುಗರೇ ಹೀಗೆ ಬಿಡಿ’ ಅನ್ನುತ್ತಾರೆ. ಎರಡೂ ಹೇಳೋಕೆ ಸುಲಭ. ಆದರೆ ನಾಳೆ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಏನು ಮಾಡಬೇಕು ಅನ್ನೋದಕ್ಕೆ ಎರಡರಲ್ಲೂ ಉತ್ತರ ಇಲ್ಲ. ಗಾಜು ಒಡೆದದ್ದು ಯಾವ ಪೀರಿಯಡ್‌ನಲ್ಲಿ, ಆಗ ತರಗತಿಯಲ್ಲಿ ಮೇಷ್ಟ್ರು ಇದ್ದರಾ, ಪಕ್ಕದಲ್ಲಿ ಯಾರ್ಯಾರು ಇದ್ದರು, ಅದಕ್ಕೆ ಹತ್ತು ನಿಮಿಷ ಮುಂಚೆ ಏನಾಗಿತ್ತು? ಇಷ್ಟನ್ನು ನಾವು ಹುಡುಕಬಹುದು. ಹುಡುಕಿದ್ದರಲ್ಲಿ ಅರ್ಧವನ್ನಾದರೂ ಬದಲಾಯಿಸಬಹುದು.

ಈ ಬರಹ 8, 9, 10ನೇ ತರಗತಿಗೆ ಪಾಠ ಮಾಡುವವರಿಗೆ, ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇರುವವರಿಗೆ, ಮತ್ತೆ ಶಾಲೆಯಿಂದ ಫೋನ್ ಬಂದರೆ ಎದೆ ಡವಡವ ಅನ್ನುವ ಅಪ್ಪ ಅಮ್ಮಂದಿರಿಗೆ. ಹುಡುಗನ ಸ್ವಭಾವ ಎಂಥದ್ದು ಅನ್ನುವ ಚರ್ಚೆಯನ್ನು ಸ್ವಲ್ಪ ದಿನ ಬದಿಗಿಟ್ಟು, ತಪ್ಪು ನಡೆಯುವ ಜಾಗ, ಹೊತ್ತು, ಜೊತೆ ಈ ಮೂರನ್ನು ಹಿಡಿದು ಹೇಗೆ ಕೆಲಸ ಮಾಡೋದು ಅಂತ ಹೇಳುತ್ತೇನೆ.

ನಂಬಿಕೆ ಬರಲಿಲ್ವಾ? ಎಸ್ಸೆಸ್ಸೆಲ್ಸಿ ನೋಡಿ

2023ರ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಕಾಪಿ ತಡೆಯೋಕೆ ಪರೀಕ್ಷಾ ಕೊಠಡಿಗಳಿಗೆ ಸಿಸಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಆ ವರ್ಷ ಫಲಿತಾಂಶ ಶೇ. 73.40ಕ್ಕೆ ಬಂತು. ಅದೂ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಕುಸಿತಕ್ಕೆ ಬೇರೆ ಕಾರಣಗಳೂ ಒಂದಿಷ್ಟು ಇರಬಹುದು, ಎಲ್ಲವನ್ನೂ ಕಾಪಿಯ ತಲೆಗೇ ಕಟ್ಟೋದು ಬೇಡ. ಆದರೂ ಒಂದೇ ವರ್ಷದಲ್ಲಿ ರಾಜ್ಯದ ಹದಿನೈದು ಹದಿನಾರರ ಮಕ್ಕಳ ಸ್ವಭಾವವೇ ಬದಲಾಗಿ ಹೋಗುವುದಿಲ್ಲ ಅಲ್ವಾ? ಬದಲಾದದ್ದು ಅವರು ಕೂತ ಕೊಠಡಿ.

ಇನ್ನೊಂದು ಮಾತು. ಹಿಂದಿನ ವರ್ಷಗಳಲ್ಲಿ ಕಾಪಿ ನಡೆದ ಕಡೆ ಅದನ್ನು ಮಕ್ಕಳು ಒಬ್ಬರೇ ಮಾಡುತ್ತಿರಲಿಲ್ಲ. ಕಿಟಕಿಯ ಹೊರಗೆ ಚೀಟಿ ಹಿಡಿದು ನಿಂತವರು ದೊಡ್ಡವರು. ‘ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ’ ಅಂತ ಫ್ಲೆಕ್ಸ್ ಹಾಕಿಸುವ ಆಸೆ ಇದ್ದವರೂ ದೊಡ್ಡವರೇ. ಮಕ್ಕಳಿಗೆ ಅಲ್ಲಿ ಸಿಕ್ಕ ಪಾಠ ಏನು ಅಂತ ಬೇರೆ ಹೇಳಬೇಕಾ? ಹದಿನೈದರ ಹುಡುಗನಿಗೆ ‘ಎಲ್ಲರೂ ಮಾಡುತ್ತಾರೆ, ಸಿಕ್ಕಿಬೀಳದಿದ್ದರೆ ಸಾಕು’ ಅನ್ನೋದನ್ನು ನಾವೇ ಪರೀಕ್ಷಾ ಕೊಠಡಿಯಲ್ಲಿ ಕೂರಿಸಿ ಕಲಿಸಿ, ಆಮೇಲೆ ಅವನು ಗೆಳೆಯನ ಬ್ಯಾಗಿನಿಂದ ಕ್ಯಾಲ್ಕುಲೇಟರ್ ಎತ್ತಿದಾಗ ನೀತಿ ಹೇಳೋಕೆ ಹೊರಟರೆ ಅವನು ಒಳಗೊಳಗೇ ನಗುತ್ತಾನೆ ಅಷ್ಟೇ.

ಹುಡುಗರ ಸ್ವಭಾವಕ್ಕಿಂತ ಅವರಿರುವ ಜಾಗ ನೋಡಬೇಕು ಅನ್ನುವ ಈ ವಿಚಾರ ಹಳೆಯದು. ಅಮೆರಿಕದ ಷಿಕಾಗೋದಲ್ಲಿ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಹಲವು ದಶಕಗಳ ಬಾಲಾಪರಾಧದ ದಾಖಲೆ ತೆಗೆದು ನಗರದ ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋದರು. 1942ರಲ್ಲಿ ಅದನ್ನು ಪ್ರಕಟಿಸಿದರು. ಕೆಲವು ಬಡಾವಣೆಗಳಲ್ಲಿ ಮೊದಲು ಜರ್ಮನ್ನರು, ಐರಿಷ್ ಜನ ಇದ್ದರು. ಅವರು ಹೋಗಿ ಇಟಲಿಯವರು, ಪೋಲೆಂಡಿನವರು ಬಂದರು. ಜನ ಪೂರ್ತಿ ಬದಲಾದರು, ಬಾಲಾಪರಾಧ ಮಾತ್ರ ಅದೇ ಬಡಾವಣೆಗಳಲ್ಲಿ ಜಾಸ್ತಿಯೇ ಉಳಿಯಿತು. ‘ಆ ಜನವೇ ಹಾಗೆ’ ಅಂತ ಒಂದು ಜಾತಿಯನ್ನೋ ಒಂದು ಕೇರಿಯನ್ನೋ ತೋರಿಸಿ ಮಾತಾಡುವವರು ನಮ್ಮಲ್ಲೂ ಇದ್ದಾರಲ್ಲ, ಅವರ ಮುಂದೆ ಇದನ್ನು ಹೇಳಿ.

ಮೊದಲ ಕೆಲಸ: ಒಂದು ನೋಟ್‌ಬುಕ್ ಇಡಿ

ಇನ್ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಸ್ಟಾಫ್ ರೂಮಿನಲ್ಲಿ ಎಲ್ಲರ ಕೈಗೂ ಸಿಗುವ ಹಾಗೆ ಇಡಬೇಕು, ಆದರೆ ಮಕ್ಕಳ ಕಣ್ಣಿಗೆ ಬೀಳಬಾರದು. ಏನೇ ಗಲಾಟೆ ಆದರೂ ಅವತ್ತೇ ಬರೆಯಿರಿ: ದಿನ, ಗಂಟೆ, ಜಾಗ, ಏನಾಯಿತು, ಯಾರ್ಯಾರು ಇದ್ದರು, ಅದಕ್ಕೆ ಮೊದಲು ಏನು ನಡೆದಿತ್ತು, ಹತ್ತಿರದಲ್ಲಿ ದೊಡ್ಡವರು ಯಾರಾದರೂ ಇದ್ದರಾ.

ಒಂದು ನಿಯಮ ಇದೆ. ಹುಡುಗನಿಗೆ ಬಿರುದು ಕೊಡಬಾರದು. ‘ಉದ್ಧಟ’, ‘ಪೋಕರಿ’, ‘ಕಳ್ಳ’ ಅಂತ ಬರೆದರೆ ಆ ಪುಟದಿಂದ ಏನೂ ತಿಳಿಯುವುದಿಲ್ಲ. ‘ಎರಡನೇ ಬೆಂಚಿನವನ ಟಿಫಿನ್ ಬಾಕ್ಸ್ ಕಿತ್ತುಕೊಂಡ, ಅವನು ಕೂಗಿದಾಗ ಕೆನ್ನೆಗೆ ಹೊಡೆದ, ಊಟದ ಬೆಲ್ ಆಗಿ ಐದು ನಿಮಿಷ ಆಗಿತ್ತು’ ಅಂತ ಬರೆಯಿರಿ. ಹೆಸರು ಪೂರ್ತಿ ಬರೆಯೋದು ಬೇಡ, ತರಗತಿ ಮತ್ತು ಮೊದಲಕ್ಷರ ಸಾಕು. ಈ ಪುಸ್ತಕ ಯಾವತ್ತೂ ಶಿಕ್ಷೆಗೆ ಸಾಕ್ಷಿ ಆಗಬಾರದು. ಒಂದು ಸಲ ಹಾಗೆ ಬಳಸಿದರೆ ಆಮೇಲೆ ಯಾವ ಶಿಕ್ಷಕರೂ ಅದರಲ್ಲಿ ನಿಜ ಬರೆಯುವುದಿಲ್ಲ.

ಒಂದು ತಿಂಗಳು ಬರೆಯಿರಿ. ನಡುವೆ ತೀರ್ಮಾನಕ್ಕೆ ಬರಬೇಡಿ. ತಿಂಗಳಾದ ಮೇಲೆ ಒಂದು ಹಾಳೆಯಲ್ಲಿ ಶಾಲೆಯ ನಕ್ಷೆ ಬರೆದು, ಒಂದೊಂದು ಘಟನೆಗೆ ಒಂದೊಂದು ಚುಕ್ಕೆ ಇಡಿ. ಇನ್ನೊಂದು ಹಾಳೆಯಲ್ಲಿ ಟೈಮ್‌ಟೇಬಲ್ ಬರೆದು ಅಲ್ಲೂ ಹಾಗೇ ಮಾಡಿ. ಚುಕ್ಕೆಗಳು ಎಲ್ಲಾ ಕಡೆ ಸಮನಾಗಿ ಬೀಳೋದು ಅಪರೂಪ. ಶೌಚಾಲಯದ ಹಿಂದೆ, ಸೈಕಲ್ ಸ್ಟ್ಯಾಂಡ್ ಹತ್ತಿರ, ಬಿಸಿಯೂಟದ ಸಾಲಿನಲ್ಲಿ, ಮೇಷ್ಟ್ರು ಬಾರದ ಪೀರಿಯಡ್‌ನಲ್ಲಿ, ಶಾಲೆ ಬಿಟ್ಟ ಮೇಲೆ ಬಸ್ ಬರುವ ತನಕದ ಹೊತ್ತಿನಲ್ಲಿ ಗುಂಪಾಗಿ ಬೀಳುತ್ತವೆ. ನಿಮ್ಮ ಶಾಲೆಯಲ್ಲಿ ಬೇರೆ ಕಡೆಯೂ ಬೀಳಬಹುದು, ಅದಕ್ಕೇ ಬರೆಯಬೇಕು ಅಂದಿದ್ದು.

ಆಮೇಲೆ ಮಕ್ಕಳನ್ನೇ ಕೇಳಿ. ಹೆಸರು ಬರೆಯದ ಚೀಟಿಯಲ್ಲಿ ‘ಈ ಶಾಲೆಯಲ್ಲಿ ನಿಮಗೆ ಹೋಗೋಕೆ ಭಯ ಆಗುವ ಜಾಗ ಯಾವುದು, ಯಾವ ಹೊತ್ತಿನಲ್ಲಿ’ ಅಂತ ಬರೆಸಿ. ಹುಡುಗಿಯರ ಚೀಟಿಗಳನ್ನು ಬೇರೆಯಾಗಿ ಓದಿ. ದೊಡ್ಡವರ ನಕ್ಷೆಯಲ್ಲಿ ಒಂದು ಚುಕ್ಕೆಯೂ ಇಲ್ಲದ ಜಾಗ ಅವರ ಚೀಟಿಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಶಾಲೆಯ ಒಳಗೆ ಏನು ಸರಿಮಾಡಬಹುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮನೆ, ಊರು, ಮೊಬೈಲ್ ಎಲ್ಲವನ್ನೂ ಬೈಯುವ ನಾವು ಶಾಲೆಯ ಕಾಂಪೌಂಡ್ ಒಳಗೆ ಮಾತ್ರ ಕಣ್ಣು ಹಾಯಿಸುವುದಿಲ್ಲ.

ಬ್ರಿಟನ್ನಿನ ಮನೋವೈದ್ಯ ಮೈಕಲ್ ರಟರ್ ಮತ್ತು ಅವರ ಜೊತೆಗಾರರು ಲಂಡನ್ನಿನ ಒಳನಗರದ 12 ಪ್ರೌಢಶಾಲೆಗಳನ್ನು ವರ್ಷಗಟ್ಟಲೆ ನೋಡಿ 1979ರಲ್ಲಿ ವರದಿ ಮಾಡಿದರು. ಬರುವ ಮಕ್ಕಳ ಹಿನ್ನೆಲೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕೆಲವು ಶಾಲೆಗಳಲ್ಲಿ ಗಲಾಟೆ, ಗೈರುಹಾಜರಿ ಜಾಸ್ತಿ, ಕೆಲವದರಲ್ಲಿ ಕಡಿಮೆ. ಕಟ್ಟಡ ಹಳೆಯದಾ ಹೊಸದಾ ಅನ್ನೋದರಿಂದ ಅಷ್ಟೇನೂ ವ್ಯತ್ಯಾಸ ಆಗಿರಲಿಲ್ಲ. ಪಾಠ ಹೊತ್ತಿಗೆ ಸರಿಯಾಗಿ ಶುರುವಾಗುತ್ತಾ, ಒಳ್ಳೆ ಕೆಲಸಕ್ಕೆ ನಾಲ್ಕು ಜನರ ಮುಂದೆ ಶಹಬ್ಬಾಸ್ ಸಿಗುತ್ತಾ, ಮಕ್ಕಳ ಕೈಗೆ ಜವಾಬ್ದಾರಿ ಕೊಡುತ್ತಾರಾ, ಗೋಡೆ ಕೊಠಡಿ ಚೊಕ್ಕಟವಾಗಿವೆಯಾ, ಇಂಥವೇ ಮುಖ್ಯವಾದವು. ಹೊಡೆತ ಜಾಸ್ತಿ ಇದ್ದ ಶಾಲೆಗಳಲ್ಲಿ ನಡತೆ ಉತ್ತಮವಾಗೇನೂ ಇರಲಿಲ್ಲ.

ನಮ್ಮ ಕಡೆಗೆ ಇದನ್ನು ತಂದರೆ ಮೊದಲು ಕಾಣೋದು ಖಾಲಿ ಪೀರಿಯಡ್. ಗಣಿತದ ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಇನ್ನೂ ಬಂದಿಲ್ಲ, ಇದ್ದವರೊಬ್ಬರು ಯಾವುದೋ ಗಣತಿಗೋ ಚುನಾವಣೆ ಕೆಲಸಕ್ಕೋ ಹೋಗಿದ್ದಾರೆ. ಅರವತ್ತು ಮಕ್ಕಳು, ನಲವತ್ತು ನಿಮಿಷ, ಏನೂ ಕೆಲಸ ಇಲ್ಲ. ಅಲ್ಲಿ ಗಾಜು ಒಡೆಯದೆ ಇದ್ದರೆ ಅದೇ ಆಶ್ಚರ್ಯ. ಹುದ್ದೆ ತುಂಬೋದು ನಮ್ಮ ಕೈಯಲ್ಲಿಲ್ಲ, ಸರಿ. ಆದರೆ ಟೈಮ್‌ಟೇಬಲ್ ನಮ್ಮ ಕೈಯಲ್ಲಿದೆ. ಖಾಲಿ ಪೀರಿಯಡ್‌ಗಳನ್ನು ಒಂದೇ ತರಗತಿಗೆ, ಒಂದೇ ಮಧ್ಯಾಹ್ನಕ್ಕೆ ಬೀಳದ ಹಾಗೆ ಹಂಚಬಹುದು. ಪಿ.ಟಿ. ಮೇಷ್ಟ್ರು ಇದ್ದರೆ ಅವರಿಗೆ ಎರಡು ತರಗತಿ ಒಟ್ಟಿಗೆ ಕೊಟ್ಟು ಮೈದಾನಕ್ಕೆ ಕಳಿಸಬಹುದು. ಲೈಬ್ರರಿ ಪುಸ್ತಕಗಳನ್ನು ಬೀರುವಿನಿಂದ ತೆಗೆದು ತರಗತಿಯಲ್ಲೇ ಇಡಬಹುದು. ಪುಸ್ತಕ ಹರಿದೀತು ಅಂತ ಬೀಗ ಹಾಕಿ ಇಟ್ಟ ಶಾಲೆಯಲ್ಲಿ ಮಕ್ಕಳು ಬೆಂಚು ಮುರಿಯುತ್ತಾರೆ.

ಎರಡನೆಯದು ಓದಲು ಬಾರದ ಮಕ್ಕಳು. ಇದನ್ನು ಯಾರೂ ‘ನಡತೆ’ಯ ಲೆಕ್ಕಕ್ಕೆ ಹಾಕುವುದಿಲ್ಲ, ನಾನು ಹಾಕುತ್ತೇನೆ. ಎಂಟನೇ ತರಗತಿಗೆ ಬಂದರೂ ಕನ್ನಡದ ಒಂದು ಪ್ಯಾರಾ ತಡವರಿಸದೆ ಓದಲಾಗದ ಹುಡುಗ ಎದ್ದು ಓದು ಅಂದ ತಕ್ಷಣ ಏನಾದರೂ ಕೀಟಲೆ ಮಾಡುತ್ತಾನೆ. ದಡ್ಡ ಅನ್ನಿಸಿಕೊಳ್ಳೋದಕ್ಕಿಂತ ಪೋಕರಿ ಅನ್ನಿಸಿಕೊಳ್ಳೋದು ಅವನಿಗೆ ವಾಸಿ. ಹೊರಗೆ ನಿಲ್ಲು ಅಂದರೆ ಅವನ ಕೆಲಸ ಆಯಿತು. 2020ರ ಮಾರ್ಚ್‌ನಿಂದ ಶಾಲೆಗಳು ಮುಚ್ಚಿದ್ದಾಗ ಎರಡನೇ ಮೂರನೇ ತರಗತಿಯಲ್ಲಿದ್ದ ಮಕ್ಕಳೇ ಆಮೇಲೆ ಹೈಸ್ಕೂಲಿಗೆ ಬಂದವರು, ನೆನಪಿರಲಿ. ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆ ಪರೀಕ್ಷಿಸಿ ಸರಿಮಾಡುವ ಸೇತುಬಂಧ ಅಂತ ಇದೆಯಲ್ಲ, ಅದನ್ನು ದಾಖಲೆಗೆ ಮಾತ್ರ ಮಾಡದೆ, ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕರೆದು ಒಂದು ಪುಟ ಓದಿಸಿ ನೋಡಿ. ಆ ಪಟ್ಟಿಯನ್ನೂ ನೋಟ್‌ಬುಕ್ಕಿನ ಪಟ್ಟಿಯನ್ನೂ ಪಕ್ಕಪಕ್ಕ ಇಡಿ.

ಮೂರನೆಯದು ಕಣ್ಣು ಬೀಳದ ಮೂಲೆಗಳು. ನಾರ್ವೆಯಲ್ಲಿ ಡಾನ್ ಓಲ್ವೇಯಸ್ ಅನ್ನುವವರು 1983ರಲ್ಲಿ ಬರ್ಗೆನ್ ನಗರದ ಶಾಲೆಗಳಲ್ಲಿ, ಮಕ್ಕಳು ಮಕ್ಕಳನ್ನೇ ಪೀಡಿಸೋದನ್ನು ತಡೆಯುವ ಕಾರ್ಯಕ್ರಮ ಶುರುಮಾಡಿದರು. ಎರಡು ವರ್ಷದಲ್ಲಿ ಪೀಡನೆ ಸುಮಾರು ಅರ್ಧಕ್ಕೆ ಇಳಿಯಿತು. ಅದರಲ್ಲಿ ಇದ್ದ ಒಂದು ಮುಖ್ಯ ಅಂಶ ಬಹಳ ಸಾದಾ: ಬಿಡುವಿನ ಹೊತ್ತಿನಲ್ಲಿ ದೊಡ್ಡವರು ಮೈದಾನದಲ್ಲಿ ಇರಬೇಕು. ಕೋಲು ಹಿಡಿದು ಕಾವಲು ನಿಲ್ಲಬೇಕಾಗಿಲ್ಲ. ಬಿಸಿಯೂಟದ ಸಾಲಿನ ತುದಿಯಲ್ಲಿ ಒಬ್ಬ ಶಿಕ್ಷಕರು ತಟ್ಟೆ ಹಿಡಿದು ತಾವೂ ಊಟಕ್ಕೆ ನಿಂತರೆ ನೂಕಾಟ ತಾನಾಗಿ ಇಳಿಯುತ್ತದೆ. ಸಾಲು ಎರಡು ಮಾಡಿ, ಎಂಟನೆಯವರನ್ನು ಮೊದಲು ಬಿಡಿ. ಶೌಚಾಲಯಕ್ಕೆ ಚಿಲಕ, ನೀರು, ಬೆಳಕು ಇರುವ ಹಾಗೆ ನೋಡಿಕೊಳ್ಳಿ. ಕಾಂಪೌಂಡ್ ಪಕ್ಕದ ಪೊದೆ ಕಡಿಸಿ.

ಹೊಡೆತದ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬಸ್ಕಿ, ಮೊಣಕಾಲೂರಿಸೋದು, ಇಡೀ ತರಗತಿ ಎದುರು ‘ನಿಮ್ಮಪ್ಪ ಕುಡುಕ, ನೀನೂ ಹಾಗೇ’ ಅನ್ನೋದು ಎಲ್ಲಾ ಅದರೊಳಗೇ ಬರುತ್ತವೆ. ಕಾನೂನು ಒಂದು ಕಡೆ ಇರಲಿ. ಬಲ ಇದ್ದವನು ಬಲ ಇಲ್ಲದವನಿಗೆ ಹೊಡೆಯಬಹುದು ಅಂತ ಹತ್ತು ಗಂಟೆಗೆ ತೋರಿಸಿಕೊಟ್ಟರೆ, ಒಂದು ಗಂಟೆಗೆ ಊಟದ ಸಾಲಿನಲ್ಲಿ ಅದನ್ನೇ ನೋಡಬೇಕಾಗುತ್ತದೆ.

ಊರಿನ ಜಗಳ ಶಾಲೆಗೆ ಬರೋದನ್ನೂ ಗಮನಿಸಿ. ಗ್ರಾಮ ಪಂಚಾಯಿತಿ ಚುನಾವಣೆ ಮುಗಿದ ವಾರ, ಜಾತ್ರೆ ಮುಗಿದ ವಾರ, ತರಗತಿಯಲ್ಲಿ ಎರಡು ಗುಂಪು ಆಗಿರುತ್ತವೆ. ಮಕ್ಕಳು ಬೆಂಚು ಬದಲಾಯಿಸಿ ಕೂತಿರುತ್ತಾರೆ. ಜಾತಿ ಹೆಸರು ಹಿಡಿದು ಕರೆಯೋದು, ಊಟಕ್ಕೆ ಬೇರೆ ಕೂರೋದು ಶುರುವಾಗಿದ್ದರೆ ಅದನ್ನು ‘ಮಕ್ಕಳಾಟ’ ಅಂತ ಬಿಡಬೇಡಿ. ಆ ವಾರ ಬೆಂಚುಗಳ ಜಾಗವನ್ನು ನೀವೇ ಗೊತ್ತುಮಾಡಿ, ಆಟದ ತಂಡಗಳನ್ನು ನೀವೇ ಬೆರೆಸಿ.

ಶಾಲೆಯಿಂದ ಮನೆಗೆ ಹೋಗುವ ದಾರಿ

ಒಂದು ಸಂಜೆ ಮಕ್ಕಳ ಜೊತೆ ನಡೆದು ಹೋಗಿ. ಗೇಟ್‌ನಿಂದ ಬಸ್ ಸ್ಟಾಪ್ ತನಕ ಏನೇನು ಇದೆ ಅಂತ ಬರೆದುಕೊಳ್ಳಿ: ಪೆಟ್ಟಿಗೆ ಅಂಗಡಿ, ಬಾರ್, ಪಾಳು ಕಟ್ಟಡ, ಮೊಬೈಲ್ ರೀಚಾರ್ಜ್ ಅಂಗಡಿಯ ಕಟ್ಟೆ.

ಪೆಟ್ಟಿಗೆ ಅಂಗಡಿಯಿಂದ ಶುರುಮಾಡೋಣ. ಕರ್ನಾಟಕದಲ್ಲಿ ಗುಟ್ಕಾ 2013ರ ಮೇ ಕೊನೆಯಿಂದ ನಿಷೇಧ. ಆದರೆ ಪಾನ್ ಮಸಾಲಾ ಒಂದು ಸ್ಯಾಚೆ, ತಂಬಾಕು ಇನ್ನೊಂದು ಸ್ಯಾಚೆ, ಎರಡನ್ನೂ ಅಂಗಡಿಯವರು ಒಟ್ಟಿಗೆ ಹರಿದು ಕೊಡುತ್ತಾರೆ, ಹುಡುಗ ಅಂಗೈಯಲ್ಲಿ ಬೆರೆಸುತ್ತಾನೆ. ಇದು ಎಲ್ಲರಿಗೂ ಗೊತ್ತು. ತಂಬಾಕು ನಿಯಂತ್ರಣದ 2003ರ ಕೋಟ್ಪಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಯಾವುದೇ ಶಿಕ್ಷಣ ಸಂಸ್ಥೆಯ 100 ಗಜದ ಒಳಗೆ ತಂಬಾಕು ಮಾರುವ ಹಾಗಿಲ್ಲ, 18 ವರ್ಷದ ಒಳಗಿನವರಿಗೆ ಎಲ್ಲೂ ಮಾರುವ ಹಾಗಿಲ್ಲ. ಕರ್ನಾಟಕದ ತಿದ್ದುಪಡಿ ಈ ವಯಸ್ಸನ್ನು 21ಕ್ಕೆ ಏರಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಇನ್ನೂ ಬಿಗಿ. ಮಕ್ಕಳಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ 7 ವರ್ಷದ ತನಕ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿ ತನಕ ದಂಡ.

ಇದನ್ನು ಜಾರಿಗೆ ತರೋದು ಹೇಗೆ? ಟೇಪ್ ಹಿಡಿದು ಗೇಟ್‌ನಿಂದ ನೂರು ಗಜ ಅಳೆಯಿರಿ. ತಂಬಾಕುಮುಕ್ತ ಶಾಲೆಯ ಮಾರ್ಗಸೂಚಿಯಲ್ಲಿ ಹೇಳಿರುವ ಹಳದಿ ಗೆರೆಯನ್ನು ಅಲ್ಲಿ ಹಾಕಿಸಿ. ಮಕ್ಕಳನ್ನೇ ಅಳೆಯೋಕೆ ಬಿಟ್ಟರೆ ಗಣಿತದ ಪಾಠವೂ ಆಯಿತು. ಆಮೇಲೆ ಅಂಗಡಿಯವರ ಹತ್ತಿರ ಮೊದಲು ಮಾತಾಡಿ, ದೂರು ಆಮೇಲೆ. ಹಳ್ಳಿಯಲ್ಲಿ ಅಂಗಡಿಯವರು ಯಾರೋ ಒಬ್ಬ ಹುಡುಗನ ಸೋದರಮಾವನೇ ಆಗಿರುತ್ತಾರೆ. ‘ಅಣ್ಣಾ, ನಿಮ್ಮ ತಂಗಿ ಮಗನೂ ನಮ್ಮ ಶಾಲೆಯಲ್ಲೇ ಇದ್ದಾನೆ, ಅವನ ಜೊತೆಯವರಿಗೆ ಇದನ್ನ ಕೊಡಬೇಡಿ’ ಅಂತ ಎಸ್‌ಡಿಎಂಸಿಯವರು ಇಬ್ಬರು ಹೋಗಿ ಹೇಳಿದರೆ ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ. ಕೇಳದಿದ್ದರೆ ಪಂಚಾಯಿತಿಗೆ, ಆರೋಗ್ಯ ಇಲಾಖೆಗೆ, ಠಾಣೆಗೆ ಲಿಖಿತವಾಗಿ ಕೊಡಿ.

ಬಸ್ಸಿನ ವಿಷಯ ಇನ್ನೂ ದೊಡ್ಡದು. ಶಾಲೆ ಬಿಡೋದು ನಾಲ್ಕೂವರೆಗೆ, ಪಾಸ್ ಇರುವ ಮಕ್ಕಳಿಗೆ ಸಿಗುವ ಬಸ್ ಆರಕ್ಕೆ. ಅದೂ ತುಂಬಿದ್ದರೆ ನಿಲ್ಲಿಸುವುದಿಲ್ಲ. ಈ ಒಂದೂವರೆ ಗಂಟೆ ಯಾರದ್ದೂ ಅಲ್ಲ, ಶಾಲೆಯವರೂ ಕೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ, ಹಾಗಾಗಿ ಮೊದಲ ಸಿಗರೇಟು, ಮೊದಲ ಹೊಡೆದಾಟ, ಹುಡುಗಿಯರನ್ನು ರೇಗಿಸೋದು ಎಲ್ಲಾ ಇಲ್ಲೇ ಶುರುವಾಗುತ್ತವೆ. ಬೆಳಗ್ಗೆ ತಡವಾಗಿ ಬಂದವನನ್ನು ಗೇಟ್ ಹೊರಗೆ ನಿಲ್ಲಿಸೋದು ಅದೇ ಕಥೆಯ ಇನ್ನೊಂದು ತುದಿ. ಬಸ್ ತಡವಾದ್ದಕ್ಕೆ ಹುಡುಗನಿಗೆ ಶಿಕ್ಷೆ ಕೊಟ್ಟರೆ, ಎರಡು ಸಲ ಆದ ಮೇಲೆ ಅವನು ಗೇಟ್ ತನಕವೂ ಬರುವುದಿಲ್ಲ, ಬಸ್ ಸ್ಟ್ಯಾಂಡ್‌ನಲ್ಲೇ ದಿನ ಕಳೆಯುತ್ತಾನೆ. ತಡವಾದವರಿಗೆ ಒಂದು ರಿಜಿಸ್ಟರ್ ಇಡಿ, ಸಹಿ ಹಾಕಿಸಿ ಒಳಗೆ ಬಿಡಿ. ಸಂಜೆ ಬಸ್ ಮಕ್ಕಳಿಗೆ ಮೈದಾನ ಮತ್ತು ಒಂದು ಕೊಠಡಿ ತೆರೆದಿಡಿ. ಶಿಕ್ಷಕರೇ ಇರಬೇಕು ಅಂತಿಲ್ಲ, ಊರಿನ ಹಳೆ ವಿದ್ಯಾರ್ಥಿಗಳಲ್ಲಿ ನಂಬಿಕಸ್ಥರನ್ನು ಎಸ್‌ಡಿಎಂಸಿ ಗೊತ್ತುಮಾಡಬಹುದು, ಆದರೆ ಇಬ್ಬರು ಇರಲಿ, ಒಬ್ಬರೇ ಬೇಡ.

ಮನೆ

ಮನೆಗೆ ಹೋಗದೆ ಮನೆಯ ಬಗ್ಗೆ ಮಾತಾಡಬೇಡಿ. ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹತ್ತು ಹನ್ನೊಂದರ ತನಕ ಸುಲಿದ ಹುಡುಗಿ ಎರಡನೇ ಪೀರಿಯಡ್‌ನಲ್ಲಿ ತೂಕಡಿಸುತ್ತಾಳೆ, ಎಬ್ಬಿಸಿದರೆ ಸಿಡುಕುತ್ತಾಳೆ. ರಾಯಚೂರು, ಯಾದಗಿರಿ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ತರಗತಿಯೇ ಅರ್ಧ ಖಾಲಿ. ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ, ಹುಡುಗ ಅಜ್ಜಿಯ ಜೊತೆ ಇದ್ದರೆ, ಅವನ ಸಂಜೆಗಳನ್ನು ಕೇಳುವವರು ಯಾರೂ ಇಲ್ಲ. ಅಜ್ಜಿ ಊಟ ಹಾಕುತ್ತಾಳೆ, ಪ್ರೀತಿಯೂ ಮಾಡುತ್ತಾಳೆ, ಆದರೆ ಹದಿನೈದರ ಹುಡುಗ ರಾತ್ರಿ ಹತ್ತಕ್ಕೆ ಬೈಕ್ ಹಿಂದೆ ಕೂತು ಹೋದರೆ ತಡೆಯೋಕೆ ಅವಳಿಂದ ಆಗಲ್ಲ.

ಮನೆಗೆ ಹೋದಾಗ ದೂರು ಹಿಡಿದು ಹೋಗಬೇಡಿ. ‘ನಿಮ್ಮ ಹುಡುಗ ಹೀಗೆ ಮಾಡಿದ’ ಅಂತ ಶುರುಮಾಡಿದರೆ ಅಪ್ಪ ಅಲ್ಲೇ ಬೆಲ್ಟ್ ತೆಗೆಯುತ್ತಾರೆ, ಇಲ್ಲವೇ ‘ನಮ್ಮ ಹುಡುಗನ್ನೇ ಯಾಕೆ ಹಿಡಿತೀರಿ ಸಾರ್’ ಅಂತ ಜಗಳಕ್ಕೆ ನಿಲ್ಲುತ್ತಾರೆ. ಹೀಗೆ ಕೇಳಿ: ‘ಅಮ್ಮಾ, ಇವನು ಬೆಳಗ್ಗೆ ಎಷ್ಟೊತ್ತಿಗೆ ಏಳ್ತಾನೆ? ತಿಂಡಿ ತಿಂದು ಬರ್ತಾನಾ? ಸಾಯಂಕಾಲ ಎಲ್ಲಿ ಕೂತು ಓದ್ತಾನೆ?’ ಮೂರನೇ ಪ್ರಶ್ನೆಗೆ ಅಮ್ಮ ಮನೆಯ ಒಂದೇ ಕೋಣೆಯನ್ನು ತೋರಿಸಿ ಟಿವಿ ಕಡೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು. ಹುಡುಗನ ಬಗ್ಗೆ ಒಂದು ಒಳ್ಳೆ ಮಾತು ಮೊದಲು ಹೇಳಿ, ನಿಜವಾದದ್ದನ್ನೇ ಹೇಳಿ. ಕಬಡ್ಡಿ ಚೆನ್ನಾಗಿ ಆಡುತ್ತಾನಾ, ಹೇಳಿ.

ಹುಡುಗಿಯರ ವಿಷಯದಲ್ಲಿ ಒಂದು ಎಚ್ಚರ ಬೇಕು. ಬ್ಯಾಗಿನಲ್ಲಿ ಪ್ರೇಮಪತ್ರ ಸಿಕ್ಕಿತು, ಇನ್‌ಸ್ಟಾಗ್ರಾಮ್‌ನಲ್ಲಿ ಯಾರ ಜೊತೆಗೋ ಮಾತು ಅಂತ ತಕ್ಷಣ ಮನೆಗೆ ಫೋನ್ ಮಾಡಬೇಡಿ. ಎಷ್ಟೋ ಮನೆಗಳಲ್ಲಿ ಅದರ ಮುಂದಿನ ಹೆಜ್ಜೆ ಶಾಲೆ ಬಿಡಿಸೋದು, ಅದರ ಮುಂದಿನದು ಮದುವೆ. ನಿಮ್ಮ ಶಿಸ್ತಿನ ಒಂದು ಫೋನ್ ಕರೆ ಅವಳ ಎಸ್ಸೆಸ್ಸೆಲ್ಸಿಯನ್ನೇ ನಿಲ್ಲಿಸಬಹುದು. ಮೊದಲು ಅವಳು ನಂಬುವ ಒಬ್ಬ ಶಿಕ್ಷಕಿ ಅವಳ ಜೊತೆ ಕೂತು ಮಾತಾಡಲಿ. ಆ ಕಡೆಯವನು ದೊಡ್ಡವನು, ಹೆದರಿಸುತ್ತಿದ್ದಾನೆ, ಫೋಟೋ ಕೇಳುತ್ತಿದ್ದಾನೆ ಅಂದರೆ ಅದು ಅವಳ ತಪ್ಪಿನ ವಿಷಯವೇ ಅಲ್ಲ, ಅವಳ ರಕ್ಷಣೆಯ ವಿಷಯ. ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಹೋಗಬೇಕು.

ಗ್ಯಾಂಗ್ ಒಡೆಯಬೇಡಿ, ಕೆಲಸ ಕೊಡಿ

ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ, ಹಳದಿ ದೀಪ ಬಂದಾಗ ನಿಲ್ಲಿಸಬೇಕಾ ನುಗ್ಗಬೇಕಾ ಅನ್ನೋದು ಆಡುವವರಿಗೆ ಬಿಟ್ಟದ್ದು. 13ರಿಂದ 16ರ ಮಕ್ಕಳು ಗೆಳೆಯರು ಪಕ್ಕದಲ್ಲಿ ನೋಡುತ್ತಿದ್ದಾಗ, ಒಬ್ಬರೇ ಇದ್ದಾಗಿನದಕ್ಕಿಂತ ತುಂಬಾ ಜಾಸ್ತಿ ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಗೆಳೆಯರು ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಸ್ಟಾಫ್ ರೂಮಿಗೆ ಒಬ್ಬನೇ ಕರೆದಾಗ ತಲೆ ತಗ್ಗಿಸಿ ‘ಇನ್ನ್ ಮಾಡಲ್ಲ ಸಾರ್’ ಅಂದ ಹುಡುಗ ಅರ್ಧ ಗಂಟೆಯಲ್ಲಿ ಲಾಸ್ಟ್ ಬೆಂಚಿನಲ್ಲಿ ಮತ್ತೆ ಹಾರಾಡೋದು ಸುಳ್ಳುತನ ಅಲ್ಲ. ಸ್ಟಾಫ್ ರೂಮಿನಲ್ಲಿ ಅವನು ಹೇಳಿದ್ದು ನಿಜ, ಬೆಂಚಿನಲ್ಲಿ ಜೊತೆಯವರು ಇದ್ದಾರೆ ಅಷ್ಟೇ.

ಇದರಿಂದ ಮಾಡಬೇಕಾದ್ದು ಎರಡು. ಮಾತಾಡೋದನ್ನು ಒಬ್ಬನೇ ಇದ್ದಾಗ ಮಾಡಿ, ಇಡೀ ತರಗತಿ ಎದುರು ಅವನನ್ನು ಮೂಲೆಗೆ ತಳ್ಳಬೇಡಿ. ಅಲ್ಲಿ ಅವನಿಗೆ ಸೋಲೋಕೆ ಆಗಲ್ಲ. ಎರಡನೆಯದು, ಗುಂಪನ್ನು ಗುಂಪಾಗಿಯೇ ಬಳಸಿಕೊಳ್ಳಿ. ಕ್ರೀಡಾಕೂಟಕ್ಕೆ ಟ್ರ್ಯಾಕ್ ಗೆರೆ ಹಾಕೋದು, ಪ್ರತಿಭಾ ಕಾರಂಜಿಯ ವೇದಿಕೆ, ನೀರಿನ ಟ್ಯಾಂಕ್ ನೋಡಿಕೊಳ್ಳೋದು, ಅವರ ಹೆಸರಿನಲ್ಲೇ ಇರಲಿ. ಸುಮ್ನೆ ಕಸ ಹೊಡೆಸೋದಲ್ಲ, ಅದು ಶಿಕ್ಷೆ ಅಂತ ಅವರಿಗೂ ಗೊತ್ತಾಗುತ್ತದೆ. ಬೀಗದ ಕೈ ಅವರ ಹತ್ತಿರ ಇರಬೇಕಾದ ಕೆಲಸ ಕೊಡಿ.

‘ಟಿ.ಸಿ. ಕೊಟ್ಟು ಕಳಿಸಿ’ ಅನ್ನುವವರು ಇರುತ್ತಾರೆ. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕಲು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಬಿಡುವುದಿಲ್ಲ. ಒಂಬತ್ತು ಹತ್ತರಲ್ಲಿ ಕಳಿಸಿದರೂ ಆಗೋದು ಇಷ್ಟೇ: ಹುಡುಗ ಪಕ್ಕದ ಊರಿನ ಶಾಲೆಗೆ ಸೇರುತ್ತಾನೆ ಅಥವಾ ಗ್ಯಾರೇಜಿಗೆ ಸೇರುತ್ತಾನೆ, ನಿಮ್ಮ ಸೈಕಲ್ ಸ್ಟ್ಯಾಂಡ್ ಹಿಂದಿನ ಮೂಲೆ ಹಾಗೇ ಇರುತ್ತದೆ, ಮುಂದಿನ ತಿಂಗಳು ಅಲ್ಲಿ ಇನ್ನೊಬ್ಬ ನಿಂತಿರುತ್ತಾನೆ.

ಬ್ಯಾಗ್ ಹುಡುಕೋದರ ಬಗ್ಗೆ

2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ಮೊಬೈಲ್ ಹುಡುಕೋಕೆ ಅಂತ ಮಕ್ಕಳ ಬ್ಯಾಗ್ ತಪಾಸಣೆ ಮಾಡಿದಾಗ ಸಿಗರೇಟು, ಲೈಟರ್, ವೈಟ್ನರ್, ಕಾಂಡೋಮ್ ಸಿಕ್ಕವು ಅಂತ ದೊಡ್ಡ ಸುದ್ದಿ ಆಯಿತು. ವಾರಗಟ್ಟಲೆ ಟಿವಿಯಲ್ಲಿ ಚರ್ಚೆ. ತಪಾಸಣೆಯಿಂದ ಬ್ಯಾಗಿನಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಅದನ್ನು ಯಾವ ಅಂಗಡಿ ಕೊಟ್ಟಿತು, ಯಾವ ಹೊತ್ತಿನಲ್ಲಿ ಎಲ್ಲಿ ಬಳಸುತ್ತಾರೆ ಅನ್ನೋದು ಗೊತ್ತಾಗುವುದಿಲ್ಲ. ಮುಂದಿನ ಸಲ ವಸ್ತು ಬ್ಯಾಗಿನಲ್ಲಿ ಇರುವುದಿಲ್ಲ, ಅಷ್ಟೇ. ಹುಡುಕಲೇಬೇಕಾದ ಪರಿಸ್ಥಿತಿ ಬಂದರೆ ಎಚ್.ಎಂ. ಕೊಠಡಿಯಲ್ಲಿ, ಇಬ್ಬರು ಶಿಕ್ಷಕರ ಎದುರು, ಹುಡುಗಿಯರ ಬ್ಯಾಗನ್ನು ಶಿಕ್ಷಕಿಯರೇ ನೋಡಲಿ. ಮಗುವಿನ ಮೈಮೇಲೆ ಕೈ ಹಾಕಬಾರದು. ಫೋಟೋ, ವಿಡಿಯೋ ಬೇಡವೇ ಬೇಡ.

ಪರಿಸರದ ಲೆಕ್ಕಕ್ಕೆ ಸಿಗದವು

ಜಾಗ, ಹೊತ್ತು, ಜೊತೆ ಮೂರೂ ಬದಲಾಯಿಸಿದ ಮೇಲೂ ಒಬ್ಬ ಹುಡುಗನ ಚುಕ್ಕೆ ಹಾಗೇ ಉಳಿಯಬಹುದು. ಅಥವಾ ಇಲ್ಲಿಯವರೆಗೆ ಚೆನ್ನಾಗಿದ್ದ ಮಗು ಹದಿನೈದು ದಿನದಲ್ಲಿ ಪೂರ್ತಿ ಬದಲಾಗಿ, ಊಟ ಬಿಟ್ಟು, ಕೈ ಕುಯ್ದುಕೊಂಡು, ಮುಟ್ಟಿದರೆ ಬೆಚ್ಚುತ್ತಿದ್ದರೆ ಅದು ಶಿಸ್ತಿನ ವಿಷಯ ಅಲ್ಲ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಮನಸ್ಸಿನ ಸಮಸ್ಯೆಗೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

‘ಎಲ್ಲಾ ಪರಿಸರದ ತಪ್ಪು’ ಅಂತ ಹುಡುಗನಿಗೆ ಹೇಳಲೂಬೇಡಿ. ಗಾಜು ಒಡೆದವನು ಆಚಾರಿಯ ಪಕ್ಕ ನಿಂತು ಹೊಸ ಗಾಜು ಕೂರಿಸೋಕೆ ನೆರವಾಗಲಿ, ಪುಟ್ಟ ಹುಡುಗನಿಗೆ ಹೊಡೆದವನು ಅವನ ಹತ್ತಿರ ಹೋಗಿ ಕ್ಷಮೆ ಕೇಳಲಿ. ಆದರೆ ಆ ಖಾಲಿ ಪೀರಿಯಡ್ ತುಂಬುವ ಕೆಲಸ ನಮ್ಮದು.

ಇನ್ನು ನಿಮ್ಮ ಕೈಮೀರಿದ್ದಕ್ಕೆ, ಅಂದರೆ ಬಸ್, ಬೀದಿ ದೀಪ, ಬಾರ್, ಶೌಚಾಲಯದ ನೀರು ಇವಕ್ಕೆ, ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆ ಇದೆ. ಅಲ್ಲಿ ಮಕ್ಕಳೇ ಎದ್ದು ಕೇಳಲಿ, ನೋಟ್‌ಬುಕ್ಕಿನಿಂದ ಬಂದ ಲೆಕ್ಕವನ್ನು ಹೆಸರಿಲ್ಲದೆ ಅವರ ಕೈಗೆ ಕೊಡಿ. ಭಾಷಣ ಬರೆದುಕೊಡಬೇಡಿ. ಬಸ್ ಡಿಪೋಗೆ ಎಸ್‌ಡಿಎಂಸಿ ನಡಾವಳಿಯ ಪ್ರತಿ ಇಟ್ಟು ಅರ್ಜಿ ಬರೆಯುವಾಗ ‘ತುಂಬಾ ತೊಂದರೆ ಆಗಿದೆ’ ಅಂತ ಬರೆದರೆ ಯಾರೂ ಓದುವುದಿಲ್ಲ. ಎಷ್ಟು ಮಕ್ಕಳು, ಯಾವ ಊರಿನವರು, ಈಗ ಬಸ್ ಎಷ್ಟು ಗಂಟೆಗೆ, ಬೇಕಾಗಿರೋದು ಎಷ್ಟು ಗಂಟೆಗೆ, ಇಷ್ಟನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.